ಕಿವುಡರ ಟಾಕೀಸು

ನಮ್ಮ ಮನೆಯ ಟಿ.ವಿ.ಯಲ್ಲಿ ವಾರ್ತೆ ಬರುವುದಿಲ್ಲ. ಧಾರಾವಾಹಿ ಇಲ್ಲ, ಕ್ರಿಕೆಟ್ಟೂ ಇಲ್ಲ. ಬರುವುದು ಕಾರ್ಟೂನ್ ಒಂದೇ. ಮನೆಯಲ್ಲಿ ಸಣ್ಣ ಮಕ್ಕಳು ಯಾರೂ ಇಲ್ಲ. ಇರುವವರು ಇಬ್ಬರು: ಐವತ್ತರ ಹತ್ತಿರ ಬಂದಿರುವ ನಾನು, ಎಂಬತ್ತರ ಹತ್ತಿರ ಬಂದಿರುವ ಅಬ್ಬಾ. ನಗುವವರು ಈಗಲೇ ನಕ್ಕು ಮುಗಿಸಿಬಿಡಲಿ. ನಾನು ಕಾಯುತ್ತೇನೆ.

ದಾಂಡೇಲಿಯ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ನಮ್ಮ ಓಣಿ. ಮುಂದೆ ನನ್ನ ಜೆರಾಕ್ಸ್ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಗಂಡನ ಮನೆ ನನಗೆ ಒಗ್ಗಲಿಲ್ಲ, ತಿರುಗಿ ಬಂದೆ. ಆ ಕಥೆ ಇಲ್ಲಿ ಬೇಡ. ಮನೆಮಾತು ಉರ್ದು ಎಂದು ನಾವು ಹೇಳಿಕೊಳ್ಳುತ್ತೇವೆ, ಆದರೆ ಅದರಲ್ಲಿ ಅರ್ಧ ಕನ್ನಡವೇ ತುಂಬಿಕೊಂಡಿದೆ. ಅಬ್ಬಾಗಂತೂ ಸಿಟ್ಟು ಬಂದರೂ ಕನ್ನಡ, ಪ್ರೀತಿ ಬಂದರೂ ಕನ್ನಡ. ಹಾಗಾಗಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ಅಬ್ಬಾ ಒಂದು ಸಣ್ಣ ಸಾ ಮಿಲ್ಲಿನಲ್ಲಿ ಮರ ಕೊಯ್ಯುವ ಕೆಲಸ ಮಾಡುತ್ತಿದ್ದರು. ಆ ಮಿಲ್ಲು ಮುಚ್ಚಿ ಬಹಳ ಕಾಲವಾಯಿತು. ದಿನವಿಡೀ ಗರಗಸದ ಪಕ್ಕದಲ್ಲಿ ನಿಂತವರ ಕಿವಿ ಒಂದೇ ದಿನಕ್ಕೆ ಹೋಗುವುದಿಲ್ಲ. ಮೊದಲು ದೂರದ ಮಸೀದಿಯ ಅಜಾನ್ ಕೇಳಿಸದಾಯಿತು. ಆಮೇಲೆ ಕುಕ್ಕರಿನ ಸೀಟಿ. ಆಮೇಲೆ ಅಮ್ಮಿ ಕೂಗುವುದು. ಅಮ್ಮಿ ಮಾತ್ರ ಸೋಲಲಿಲ್ಲ. ಅವರ ದನಿ ವರ್ಷದಿಂದ ವರ್ಷಕ್ಕೆ ಏರುತ್ತ ಹೋಯಿತು. ಅಮ್ಮಿ ತೀರಿಕೊಂಡ ಮೇಲೆ ಮನೆಯಲ್ಲಿ ಕೂಗುವವರೇ ಇಲ್ಲವಾದರು, ಅಬ್ಬಾ ಮಾತು ನಿಲ್ಲಿಸಿದರು. ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಕಿವಿಗೆ ಮಷಿನ್ ಹಾಕಿಸಿದೆ. ಮನೆಗೆ ಬಂದು ತಟ್ಟೆ ಲೋಟದ ಸದ್ದು ಕೇಳಿಸಿದ್ದೇ ತಡ, ಅದನ್ನು ಕಿತ್ತು ಮೇಜಿನ ಮೇಲಿಟ್ಟರು.

"ಗರಗಸ ಮತ್ತ ಚಾಲೂ ಆತು ಬೇಟಾ," ಎಂದರು. "ಬ್ಯಾಡ."

ಅಲ್ಲಿಂದ ಮುಂದೆ ಅವರು ಟಿ.ವಿ.ಯ ಮುಂದೆ ಕುಳಿತಿರುತ್ತಿದ್ದರು, ಅಷ್ಟೆ. ತೆರೆಯ ಮೇಲೆ ಅತ್ತೆ ಸೊಸೆ ಜಗಳವಾಡುತ್ತಿದ್ದರು, ವಾರ್ತೆಯವರು ಕೈ ಬೀಸುತ್ತಿದ್ದರು. ಅಬ್ಬಾ ಕಿಟಕಿಯಾಚೆ ಮಳೆ ನೋಡುವವರ ಹಾಗೆ ಅದನ್ನು ನೋಡುತ್ತಿದ್ದರು. ಯಾರಾದರೂ ಬಂದು ಚಾನಲ್ ಬದಲಿಸಿದರೂ ಅವರ ಮುಖ ಬದಲಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿ ಯಾರದೋ ಆಧಾರ್ ಕಾರ್ಡಿಗೆ ಲ್ಯಾಮಿನೇಷನ್ ಮಾಡುತ್ತಿದ್ದಾಗ ಪರದೆಯ ಹಿಂದಿನಿಂದ ಒಂದು ವಿಚಿತ್ರ ಸದ್ದು ಬಂತು. ಉಸಿರು ಕಟ್ಟಿದವರು ಒದ್ದಾಡುವ ಹಾಗಿತ್ತು. ಕಾರ್ಡನ್ನು ಮಷಿನ್ನಿನಲ್ಲೇ ಬಿಟ್ಟು ಒಳಗೆ ಓಡಿದೆ. ಅಬ್ಬಾ ಹೊಟ್ಟೆ ಹಿಡಿದುಕೊಂಡು ಬಾಗಿದ್ದರು. ಕಣ್ಣಲ್ಲಿ ನೀರು. "ಏನಾತು ಅಬ್ಬಾ?" ಎಂದು ಭುಜ ಹಿಡಿದೆ. ಅವರು ಮಾತನಾಡಲಾಗದೆ ಟಿ.ವಿ.ಯ ಕಡೆ ಬೆರಳು ತೋರಿಸಿದರು. ಅವರು ನಗುತ್ತಿದ್ದರು. ಅಮ್ಮಿ ಹೋದ ಮೇಲೆ ನಾನು ಆ ನಗು ಕೇಳಿರಲಿಲ್ಲ. ಅದಕ್ಕೇ ಗುರುತು ಸಿಕ್ಕಿರಲಿಲ್ಲ.

ಅದು ಒಂದು ಮಾತೂ ಇಲ್ಲದ ಕಾರ್ಟೂನು. ತೆರೆಯ ಮೇಲೆ ಒಂದು ಬೆಟ್ಟದ ಕೋಟೆ. ಅದನ್ನು ಕಾಯುವ ಒಂದು ದಪ್ಪ ಕರಡಿ. ಕೋಟೆಯ ಗಂಟೆ ಕದಿಯಲು ಬಂದ ಒಂದು ತೆಳ್ಳನೆಯ ಮುಂಗುಸಿ. ಮುಂಗುಸಿ ಗೋಡೆಗೆ ಏಣಿ ಹಾಕಿದೆ. ಕರಡಿ ಮೇಲಿನಿಂದ ಏಣಿಯನ್ನೇ ಎಳೆದುಕೊಂಡಿದೆ. ಈಗ ಏಣಿ ಕೋಟೆಗೋಡೆಯ ಅಂಚಿನಲ್ಲಿ ತಕ್ಕಡಿಯಂತೆ ತೂಗುತ್ತಿದೆ. ಒಂದು ತುದಿಯಲ್ಲಿ ಇದು, ಇನ್ನೊಂದು ತುದಿಯಲ್ಲಿ ಅದು, ಇಬ್ಬರ ಕೈಯಲ್ಲೂ ಕಸಬರಿಗೆ. ಒಬ್ಬರನ್ನೊಬ್ಬರು ಹೊಡೆಯಬೇಕು, ಆದರೆ ಒಬ್ಬರು ಬಿದ್ದರೆ ಇನ್ನೊಬ್ಬರೂ ಬೀಳುತ್ತಾರೆ. ಅಬ್ಬಾ ಸೋಫಾದ ತುದಿಗೆ ಬಂದು ತಾವೇ ಏಣಿಯ ಮೇಲಿದ್ದವರ ಹಾಗೆ ಎಡಕ್ಕೆ ಬಲಕ್ಕೆ ವಾಲುತ್ತಿದ್ದರು.

ನಾನೂ ಕುಳಿತೆ. ಗಿರಾಕಿ ಹೊರಗಿನಿಂದ "ಆಪಾ, ನನ್ನ ಕಾರ್ಡ್ ಸುಟ್ಟ ವಾಸನಿ ಬರಾಕತ್ತೈತಿ" ಎಂದು ಕೂಗುವವರೆಗೂ ಏಳಲಿಲ್ಲ.

ಇಲ್ಲಿ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. 'ಪಾಪ, ಕಿವುಡ ಅಪ್ಪನಿಗಾಗಿ ಮಗಳು ಕಾರ್ಟೂನ್ ಹಾಕುತ್ತಾಳೆ' ಎಂದರೆ ಜನ ಒಪ್ಪುತ್ತಾರೆ, ನನ್ನನ್ನು ಒಳ್ಳೆಯವಳು ಎಂದೂ ಅನ್ನುತ್ತಾರೆ. ಅದು ಅರ್ಧ ಮಾತ್ರ ನಿಜ. ನನಗೂ ಅದು ಬೇಕಿತ್ತು. ಆ ಕರಡಿಯ ಕಾಲ ಕೆಳಗಿನ ಕಲ್ಲು ಜಾರುವ ಮುಂಚೆ ಅದರ ಹುಬ್ಬು ಏರುವ ರೀತಿ, ಮುಂಗುಸಿ ಸೋತ ಮೇಲೂ ಬಾಲ ಕೊಡವಿಕೊಂಡು ನಡೆಯುವ ಠೀವಿ, ಇವನ್ನು ನೋಡಿದಾಗ ನನ್ನ ಮೈಯಲ್ಲಿ ಏನೋ ಸಡಿಲವಾಗುತ್ತಿತ್ತು. ಆ ಸುಖಕ್ಕೆ ವಯಸ್ಸಿನ ದಾಖಲೆ ಕೇಳುವವರು ಯಾರು?

ಕೇಳುವವರು ಇದ್ದರು. ಕೆಲವು ತಿಂಗಳ ನಂತರ ಒಂದು ದಿನ ಆ ಚಾನಲ್ಲೇ ಮಾಯವಾಯಿತು. ಕೇಬಲ್ ಆಫೀಸಿಗೆ ಹೋದೆ. ಕೇಬಲ್ಲಿನವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ.

"ಪ್ಯಾಕೇಜ್ ಬದಲಾಗೈತಿ ಆಪಾ. ನಿಮ್ಮ ಮನ್ಯಾಗ ಸಣ್ಣ ಹುಡುಗ್ರ ಇಲ್ಲಲ್ಲ. ಆ ಚಾನಲ್ ಯಾರ್ ನೋಡ್ತಾರ?"

"ನಾ ನೋಡ್ತೇನಿ."

"ತಮಾಷಿ ಮಾಡಬ್ಯಾಡ್ರಿ."

"ಕುಸ್ತಿ ನೋಡವ್ರೆಲ್ಲಾ ಪೈಲ್ವಾನ್ರೇನ? ಕಾರ್ಟೂನ್ ನೋಡಾಕ ಹುಡುಗ್ರ ಯಾಕ ಇರಬೇಕು?"

ಅವನು ನಕ್ಕು, ಪಕ್ಕದಲ್ಲಿದ್ದವನಿಗೂ ನಗಲು ಹೇಳಿ, ಕೊನೆಗೆ ನಿಜ ಹೇಳಿದ. ಪ್ಯಾಕೇಜ್ ಹಾಕಿಸಿದರೂ ಉಪಯೋಗವಿಲ್ಲ. ಆ ಸೀರೀಸನ್ನು ಚಾನಲ್ಲಿನವರೇ ನಿಲ್ಲಿಸಿದ್ದರು. ಮನೆಗೆ ಬಂದಾಗ ಅಬ್ಬಾ ರಿಮೋಟಿನ ಗುಂಡಿಯನ್ನು ಒತ್ತುತ್ತಲೇ ಇದ್ದರು. ನಾನು ಕೈಯಾಡಿಸಿ 'ಹೋಯಿತು' ಎಂದು ತೋರಿಸಿದೆ. ಅವರು ರಿಮೋಟನ್ನು ನಿಧಾನವಾಗಿ ಕೆಳಗಿಟ್ಟರು. ಆ ನಿಧಾನವೇ ನನ್ನನ್ನು ಕೆರಳಿಸಿತು. ಚಾನಲ್ಲಿನವರು ಕೊಡದಿದ್ದರೆ ಬಿಡಲಿ, ನಾನೇ ತರುತ್ತೇನೆ ಎಂದುಕೊಂಡೆ.

ಹೀಗೆ ನಾನು ಸಂಗ್ರಾಹಕಿಯಾದೆ. ಹಳಿಯಾಳದ ಸಂತೆಯಲ್ಲಿ ಹಳೇ ಸಿನಿಮಾ ಸಿ.ಡಿ.ಗಳ ರಾಶಿಯ ಅಡಿಯಲ್ಲಿ ನಮ್ಮ ಕರಡಿಯ ಎರಡು ಡಿಸ್ಕು ಸಿಕ್ಕವು, ಒಂದರ ಮೇಲೆ ಯಾರೋ ಚಹಾ ಚೆಲ್ಲಿದ್ದರು. ಹುಬ್ಬಳ್ಳಿಯಲ್ಲಿ ಒಂದು ಸಿಕ್ಕಿತು. ಅಂಗಡಿಗೆ ಜೆರಾಕ್ಸಿಗೆ ಬರುವವರನ್ನೆಲ್ಲ ಕೇಳುತ್ತಿದ್ದೆ. ದಾಂಡೇಲಿಯ ಮಳೆಗಾಲದಲ್ಲಿ ಡಿಸ್ಕಿಗೂ ಕವರಿಗೂ ಬೂಸಲು ಹಿಡಿಯುತ್ತದೆ. ಕಪಾಟಿನೊಳಗೆ ಒಂದು ಸಣ್ಣ ಬಲ್ಬು ಉರಿಸಿಟ್ಟು, ಚಪ್ಪಲಿ ಡಬ್ಬಿಗಳಲ್ಲಿ ಬರುವ ತೇವ ಹೀರುವ ಪುಡಿಯ ಪೊಟ್ಟಣಗಳನ್ನು ಓಣಿಯ ಎಲ್ಲ ಮನೆಗಳಿಂದ ಕೂಡಿಸಿ ಅದರಲ್ಲಿ ತುಂಬಿದೆ. ಡಿಸ್ಕನ್ನು ಸುತ್ತು ತಿರುಗಿಸಿ ಒರೆಸಬಾರದು, ನಡುವಿನಿಂದ ಅಂಚಿಗೆ ನೇರ ಒರೆಸಬೇಕು ಎಂದು ಕೆಲವನ್ನು ಹಾಳುಮಾಡಿಕೊಂಡೇ ಕಲಿತೆ.

ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಹಿಂದೆ ಒಂದು ಡಿಸ್ಕ್ ಅಂಗಡಿ ಇತ್ತು ಎಂದು ಒಬ್ಬ ಗಿರಾಕಿ ಹೇಳಿದ. ಒಂದು ದಿನ ಅಂಗಡಿ ಮುಚ್ಚಿ, ಅಬ್ಬಾರನ್ನು ಕರೆದುಕೊಂಡು ಹೊರಟೆ. ಹಳಿಯಾಳದಲ್ಲಿ ಒಂದು ಬಸ್ಸು, ಕಲಘಟಗಿಯಲ್ಲಿ ಇನ್ನೊಂದು ಬಸ್ಸು. ಕಾಲೊನಿಯ ದಾರಿಯಲ್ಲಿ ಎರಡೂ ಕಡೆ ಗೋವಿನಜೋಳ ಎದೆಯೆತ್ತರ ನಿಂತಿತ್ತು. ಕೆಂಪು ವಸ್ತ್ರದ ಸನ್ಯಾಸಿಗಳು ಸ್ಕೂಟರಿನ ಮೇಲೆ ತರಕಾರಿ ಒಯ್ಯುತ್ತಿದ್ದರು.

ಡಿಸ್ಕ್ ಅಂಗಡಿ ಈಗ ಸ್ವೆಟರ್, ನೂಡಲ್ಸು, ಊದುಬತ್ತಿಯ ಅಂಗಡಿಯಾಗಿತ್ತು. ಒಳಗೆ ಕುಳಿತಿದ್ದ ಅಜ್ಜಿ, ಟಿಬೆಟನ್ನರ ಪಟ್ಟಿ ಪಟ್ಟಿಯ ಏಪ್ರನ್ ಕಟ್ಟಿಕೊಂಡವರು, ನಾನು ಹಿಂದಿಯಲ್ಲಿ ಶುರುಮಾಡಿದ್ದಕ್ಕೆ ಅಪ್ಪಟ ಕನ್ನಡದಲ್ಲಿ ಉತ್ತರ ಕೊಟ್ಟರು.

"ಬರ್ರಿ, ಕೂಡ್ರಿ. ಸಿ.ಡಿ. ಏನ್ರಿ? ನಮ್ಮ ಯಜಮಾನ್ರ ಧಂದೆ ಅದು. ಅವರೂ ಹೋದ್ರು, ಧಂದೆನೂ ಹೋತು. ಮಂದಿ ಕೈಯಾಗ ಮೊಬೈಲ್ ಬಂತು ನೋಡ್ರಿ. ಹಿಂದ ಡಬ್ಬಿ ಅದಾವು, ಹುಡುಕ್ಕೋರಿ."

ಹಿಂದಿನ ಕೋಣೆಯಲ್ಲಿ ಡಬ್ಬಿಗಳ ನಡುವೆ ನಾನು ಮೊಣಕಾಲೂರಿ ಹುಡುಕಿದೆ. ಬಿಡಿ ಡಿಸ್ಕುಗಳು ಸಿಕ್ಕವು. ಕೊನೆಯ ಡಬ್ಬಿಯ ತಳದಲ್ಲಿ, ಹಳೇ ಸ್ವೆಟರೊಂದರ ಕೆಳಗೆ, ಒಂದು ಗಟ್ಟಿ ಪೆಟ್ಟಿಗೆ ಸಿಕ್ಕಿತು. ಮೇಲೆ ನನಗೆ ಓದಲು ಬಾರದ ಯಾವುದೋ ದೇಶದ ಲಿಪಿ, ಬೆಟ್ಟದ ಕೋಟೆಯ ಚಿತ್ರ, ಗೋಡೆಯ ಮೇಲೆ ನಮ್ಮ ಕರಡಿ. ಇಡೀ ಸೀರೀಸು, ಮೊದಲಿನಿಂದ ಕೊನೆಯವರೆಗೆ. ಪ್ಲಾಸ್ಟಿಕ್ ಹೊದಿಕೆ ಕೂಡ ಒಡೆದಿರಲಿಲ್ಲ. ಅದನ್ನು ಎದೆಗೆ ಅವಚಿಕೊಂಡೆ. ಅವಚಿಕೊಂಡದ್ದನ್ನು ಅಜ್ಜಿ ನೋಡಿದರು.

"ಯಾರೋ ಹೊರದೇಶದಿಂದ ತಂದು ಕೊಟ್ಟಿದ್ರು. ಒಬ್ರೂ ಕೊಳ್ಳಲಿಲ್ಲ. ಒಯ್ರಿ."

ಅಷ್ಟರಲ್ಲಿ ಅಬ್ಬಾ ಒಂದು ಬಿಡಿ ಡಿಸ್ಕನ್ನು ಅಂಗಡಿಯ ಸಣ್ಣ ಟಿ.ವಿ.ಯ ಕಡೆ ಚಾಚಿ ನಿಂತಿದ್ದರು. ಅಜ್ಜಿ ಹಳೆಯ ಪ್ಲೇಯರ್ ಒರೆಸಿ ಹಾಕಿದರು. ಕರಡಿ ಕೋಟೆಯ ಬಾಗಿಲಲ್ಲಿ ನಿದ್ದೆ ಹೋಗಿತ್ತು, ಮುಂಗುಸಿ ಅದರ ಹೊಟ್ಟೆಯ ಮೇಲೆ ಹತ್ತಿ ಇಳಿಯುತ್ತಿತ್ತು, ಉಸಿರಿನ ಜೊತೆ ಮೇಲೆ ಕೆಳಗೆ.

"ಥೇಟ್ ನಮ್ಮ ಯಜಮಾನ್ರು," ಎಂದು ಅಜ್ಜಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅಬ್ಬಾಗೆ ಮಾತು ಕೇಳಿಸಲಿಲ್ಲ, ನಗು ಕಾಣಿಸಿತು, ಅವರೂ ನಕ್ಕರು. ಸ್ವೆಟರ್ ಕೊಳ್ಳಲು ಬಂದ ದಂಪತಿ ಈ ಇಬ್ಬರು ಮುದುಕರನ್ನು ನೋಡಿ ಬಾಗಿಲಲ್ಲೇ ನಿಂತರು. ಅಜ್ಜಿ ಅವರಿಗೆ "ಸ್ವಲ್ಪ ತಡೀರಿ, ಇದು ಮುಗೀಲಿ" ಎಂದರು.

ಅಂದು ಸಂಜೆ ಪೆಟ್ಟಿಗೆಯ ಫೋಟೊ ತೆಗೆದು ಫೋನಿನಲ್ಲಿ ಅಭಿಮಾನಿಗಳ ಒಂದು ಗುಂಪಿಗೆ ಹಾಕಿದೆ. ಅದನ್ನು ಸೇರಿ ಒಂದು ವರ್ಷವಾಗಿತ್ತು. ಅಲ್ಲಿದ್ದವರಲ್ಲಿ ಹೆಚ್ಚಿನವರು ದೊಡ್ಡ ಊರುಗಳ ಯುವಕರು. ಕರಡಿಯ ಗೊಂಬೆಗಳು, ಪೋಸ್ಟರುಗಳು, ಅಂಗಿಗಳು, ಎಲ್ಲವೂ ಅವರ ಹತ್ತಿರ ಇದ್ದವು. ನನ್ನ ಫೋಟೊ ಬೀಳುತ್ತಲೇ ಫೋನು ಗುಂಯ್‌ಗುಟ್ಟಿತು. ಒಬ್ಬ ಹೀಗೆ ಬರೆದ: "ಮೇಡಂ, ದಯವಿಟ್ಟು ಪ್ಯಾಕ್ ಒಡೆಯಬೇಡಿ. ಒಡೆದರೆ ಅದರ ಬೆಲೆಯೇ ಹೋಗುತ್ತದೆ. ಗಾಜಿನ ಕಪಾಟಿನಲ್ಲಿಡಿ. ಅಥವಾ ನನಗೆ ಕೊಡಿ, ನಾನು ಹಾಗೆಯೇ ಇಡುತ್ತೇನೆ." ಇನ್ನೊಬ್ಬ, ಇನ್ನೂ ಒಬ್ಬ, ಎಲ್ಲರದೂ ಅದೇ ಮಾತು.

ನನಗೂ ಆಸೆಯಾಗಲಿಲ್ಲ ಎಂದಲ್ಲ. ಆ ಹೊಳೆಯುವ ಹೊದಿಕೆಯನ್ನು ಬೆರಳಲ್ಲಿ ಸವರುತ್ತ ಕುಳಿತೆ. ಒಡೆಯದ ಪೆಟ್ಟಿಗೆ ಇಡೀ ಗುಂಪಿನಲ್ಲಿ ನನ್ನೊಬ್ಬಳದೇ. ಎದುರಿಗೆ ಅಬ್ಬಾ ಕನ್ನಡಕ ಒರೆಸಿ ಹಾಕಿಕೊಂಡು, ದಿಂಬು ಸರಿಮಾಡಿಕೊಂಡು, ಸಿದ್ಧವಾಗಿ ಕುಳಿತಿದ್ದರು. ನೋಡಲೆಂದೇ ಮಾಡಿದ್ದನ್ನು ನೋಡದೆ ಇಡುವುದು ಯಾವ ಅಭಿಮಾನ? ಅಂಗಡಿಗೆ ಹೋಗಿ ಕಾಗದ ಕತ್ತರಿಸುವ ಬ್ಲೇಡು ತಂದು ಸರ್ರನೆ ಕೊಯ್ದೆ. ಗುಂಪಿಗೆ ಒಂದೇ ಪದ ಬರೆದೆ: "ಒಡೆದೆ."

ಹೊರದೇಶದ ಡಿಸ್ಕು ನಮ್ಮಲ್ಲಿ ಓಡುವುದಿಲ್ಲ ಎಂದು ಗುಂಪಿನವರು ಹೆದರಿಸಿದ್ದರು. ನನ್ನ ಅಗ್ಗದ ಪ್ಲೇಯರ್ ಯಾವ ದೇಶದ್ದನ್ನೂ ಕೇಳಲಿಲ್ಲ, ಓಡಿಸಿತು.

ಗೊಂಬೆಗಳ ವಿಷಯದಲ್ಲೂ ಇದೇ ಆಯಿತು. ಅಂಗಡಿಯ ಗೊಂಬೆ ನಮ್ಮ ಕೈಗೆಟುಕುವಂಥದ್ದಲ್ಲ. ಅಬ್ಬಾ ಹಳೆಯ ಸಾಗುವಾನಿ ತುಂಡೊಂದನ್ನು ಹುಡುಕಿ, ಉಳಿ ಹಿಡಿದು, ಕರಡಿಯನ್ನು ಕೆತ್ತತೊಡಗಿದರು. ಮೊದಲನೆಯದು ಎಮ್ಮೆಯಂತಾಯಿತು. ಮೂರನೆಯದು ಕರಡಿಯೇ, ಏರಿದ ಒಂದು ಹುಬ್ಬಿನ ಸಮೇತ. ಅದರ ಫೋಟೊ ಹಾಕಿದಾಗ ಗುಂಪಿನಲ್ಲಿ ಒಬ್ಬ, ಇದು ಕಂಪನಿ ಮಾಡಿದ್ದಲ್ಲ, ಆದ್ದರಿಂದ ಸಂಗ್ರಹದ ಲೆಕ್ಕಕ್ಕೆ ಬರುವುದಿಲ್ಲ ಎಂದ. ನನ್ನ ಕಪಾಟಿನಲ್ಲಿ ಲೆಕ್ಕಕ್ಕೆ ಬರುತ್ತದೆ ಎಂದು ಬರೆದು ಗುಂಪಿನಿಂದ ಹೊರಬಂದೆ. ಇನ್ನೊಬ್ಬರ ಒಪ್ಪಿಗೆ ಪಡೆದು ಪ್ರೀತಿಸುವಷ್ಟು ಪುರುಸೊತ್ತು ನನಗಿಲ್ಲ.

ಇಷ್ಟೆಲ್ಲ ಆಗುವಾಗ ಓಣಿ ಸುಮ್ಮನಿತ್ತೆಂದು ತಿಳಿಯಬೇಡಿ. ನಮಾಜ್ ಮಾಡುವ ಮನೆಯಲ್ಲಿ ಗೊಂಬೆ ಇಡುತ್ತಾರಾ ಎಂದು ಪಕ್ಕದ ಮನೆಯ ಖಾಲಾ ಕೇಳಿದರು. ಕಪಾಟಿಗೆ ಬಾಗಿಲಿದೆ, ಹೊತ್ತಿಗೆ ಸರಿಯಾಗಿ ಮುಚ್ಚುತ್ತೇವೆ ಎಂದೆ. ಚಹಾದಂಗಡಿಯಲ್ಲಿ ಅಬ್ಬಾ ಹಾದುಹೋದರೆ ಕೆಲವರು ಕರಡಿಯ ಹಾಗೆ ಕೈ ಮಾಡಿ ತೋರಿಸುತ್ತಿದ್ದರು. ಅಬ್ಬಾ ಅದನ್ನು ಸಲಾಂ ಎಂದು ತಿಳಿದು ತಿರುಗಿ ಸಲಾಂ ಮಾಡುತ್ತಿದ್ದರು.

ಈ ಮಾತೆಲ್ಲ ಹಳಿಯಾಳದಲ್ಲಿದ್ದ ಅಣ್ಣನ ಕಿವಿಗೆ ಬಿತ್ತು. ಅಣ್ಣನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಅವನು ಕೆಟ್ಟವನಲ್ಲ. ಅಬ್ಬಾರ ಔಷಧಿ ಎಂದೂ ತಪ್ಪಿಸಿದವನಲ್ಲ. ಆದರೆ ಮಂದಿ ಏನಂದಾರು ಎಂಬ ಭಯ ಅವನಿಗೆ ಬಿ.ಪಿ.ಗಿಂತ ಹೆಚ್ಚು. ಒಂದು ಭಾನುವಾರ ಬಂದು, ಅಬ್ಬಾರ ಎದುರಿಗೇ, ಅವರಿಗೆ ಕೇಳಿಸುವುದಿಲ್ಲ ಎಂಬ ಧೈರ್ಯದಲ್ಲಿ ಹೇಳಿದ:

"ನಿಮ್ಮ ಅಪ್ಪಾರ ತಲಿ ಸರಿ ಐತಿ ಅಲ್ಲ ಅಂತ ಕೇಳಾಕತ್ತಾರ ನನ್ನ. ಈ ವಯಸ್ಸಿನ್ಯಾಗ ಹಿರ್ಯಾರನ್ನ ಸಣ್ಣ ಹುಡುಗನ್ನ ಮಾಡಿ ಕುಂದ್ರಿಸೀದಿ ನೀ."

"ನಾ ಕುಂದ್ರಿಸಿಲ್ಲ ಭಾಯಿ. ಅವರ ಕುಂತಾರ."

"ನನ್ನ ಮಗಳ ಸಂಬಂಧ ನೋಡಾಕತ್ತೇನಿ. ಸ್ವಲ್ಪ ದಿನ ಅಬ್ಬಾ ನನ್ನ ಹಂತೇಕ ಇರಲಿ."

ಅಬ್ಬಾಗೆ ಮಗನ ಮನೆಗೆ ಹೋಗುವುದೆಂದರೆ ಖುಷಿಯೇ. ಚೀಲ ಹಿಡಿದು ಬೈಕಿನ ಹಿಂದೆ ಕುಳಿತು ಹೊರಟುಹೋದರು. ನಾನು ತಡೆಯಲಿಲ್ಲ, ಅಪ್ಪ ಇಬ್ಬರಿಗೂ ಅಪ್ಪನೇ. ಆದರೆ ಕೆಲವು ದಿನ ಬಿಟ್ಟು ಫೋನು ಮಾಡಿದಾಗ ಭಾಭಿ ತಗ್ಗಿದ ದನಿಯಲ್ಲಿ, "ಊಟ ಬರೊಬ್ಬರಿ ಮಾಡವಲ್ರು. ಇವರು ಟಿ.ವಿ.ಯಾಗ ಪ್ರವಚನ ಹಚ್ಚಿ ಕುಂದ್ರಸ್ತಾರ. ಅಬ್ಬಾ ಸುಮ್ಮ ಗ್ವಾಡಿ ನೋಡ್ತಾರ" ಎಂದರು. ಆ ರಾತ್ರಿ ನನಗೆ ಟಿ.ವಿ. ಹಚ್ಚುವ ಮನಸ್ಸಾಗಲಿಲ್ಲ.

ಮುಂದಿನ ವಾರ ಬೆಳಿಗ್ಗೆ ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಅವರ ನಡುವೆ ದಾರಿ ಮಾಡಿಕೊಂಡು ಅಬ್ಬಾ ಬಂದರು. ಕೈಯಲ್ಲಿ ಚೀಲ, ಟೋಪಿ ವಾರೆ, ಬೆವರಿದ ಮುಖ. ಮಸೀದಿಗೆ ಹೋಗಿ ಬರುತ್ತೇನೆ ಎಂದು ಭಾಭಿಗೆ ಹೇಳಿ, ನೇರ ಹಳಿಯಾಳದ ಬಸ್ ಸ್ಟ್ಯಾಂಡಿಗೆ ನಡೆದು, ಒಬ್ಬರೇ ಬಸ್ಸು ಹತ್ತಿ ಬಂದಿದ್ದರು. ಮಸೀದಿಗೆ ಚೀಲ ಯಾಕೆ ಎಂದು ಭಾಭಿ ಕೇಳಿರಲಿಲ್ಲ. ಕೇಳಬಾರದೆಂದೇ ಕೇಳಿರಲಿಲ್ಲ ಎಂದು ನನಗೆ ಈಗಲೂ ಗುಮಾನಿ.

"ಟಿ.ವಿ. ಹಚ್ಚು," ಎಂದರು ಅಬ್ಬಾ.

ಒಂದು ತಾಸಿನೊಳಗೆ ಅಣ್ಣನ ಬೈಕು ಓಣಿಗೆ ನುಗ್ಗಿತು. ಹೆದರಿಕೆಗೆ ಅವನ ಮುಖ ಕಪ್ಪಾಗಿತ್ತು, ಅಬ್ಬಾರನ್ನು ಕಂಡೊಡನೆ ಹೆದರಿಕೆ ಸಿಟ್ಟಾಯಿತು. ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಅಬ್ಬಾರ ಮುಂದೆ ನಿಂತು ಕೂಗತೊಡಗಿದ. ದಾರಿಯಲ್ಲಿ ಏನಾದರೂ ಆಗಿದ್ದರೆ? ಮಂದಿ ತನಗೆ ಉಗುಳುತ್ತಿರಲಿಲ್ಲವೇ? ಒಂದು ಕಾರ್ಟೂನಿಗಾಗಿ ಮಗನ ಮನೆ ಬಿಟ್ಟು ಓಡಿ ಬರುವುದೇ? ಓಣಿಯ ಬಾಗಿಲುಗಳು ತೆರೆದವು. ಅಬ್ಬಾ ಕಪ್ಪು ಖಾಲಿ ಮಾಡಿ ಪಕ್ಕಕ್ಕಿಟ್ಟು ಎದ್ದು ನಿಂತರು. ಕಿವುಡರ ದನಿ ದೊಡ್ಡದು. ಅದನ್ನು ಅವರು ಬೇಕೆಂದೇ ಇನ್ನಷ್ಟು ದೊಡ್ಡದು ಮಾಡಿದರು.

"ನೀ ಬಾಯಿ ಬಡ್ಕೊಳ್ಳೂದು ಕಾಣಸ್ತೈತಿ, ಕೇಳಸೂದಿಲ್ಲ. ಆದ್ರ ನಾ ಹೇಳೂದು ನಿನಗ ಕೇಳಸ್ತೈತಿ ಅಲ್ಲ? ಕೇಳು. ನನ್ನ ಮುಂದ ಬಂದವ್ರೆಲ್ಲಾ ಬಾಯಿ ಅಳ್ಳಾಡಸ್ತಾರ. ನೀನೂ, ಟಿ.ವಿ.ಯಾಗಿನವ್ರೂ. ಏನಂದ್ರು, ಏನಂದ್ರು ಅಂತ ಮಂದಿ ಮುಖ ನೋಡಿ ನೋಡಿ ನನಗ ಸಾಕಾಗೇತಿ. ಆ ಕರಡಿದೊಂದ ನನಗ ಮೊದಲಿಂದ ಕಡೀತನಕ ಪೂರಾ ತಿಳೀತೈತಿ. ಯಾರನ್ನೂ ಕೇಳೂದು ಬೇಕಾಗಿಲ್ಲ. ಅದಕ್ಕ ನೋಡ್ತೇನಿ. ನಾಳೆನೂ ನೋಡ್ತೇನಿ. ನಿಮಗ ನಾಚಿಕಿ ಬಂದ್ರ ನೀವು ಕಣ್ಣು ಮುಚ್ಕೋರಿ."

ಕೊನೆಯ ಮಾತನ್ನು ಅವರು ಅಣ್ಣನಿಗಲ್ಲ, ತೆರೆದ ಬಾಗಿಲುಗಳಿಗೆ ಹೇಳಿದರು. ಅಣ್ಣ ನಾನು ಕೊಟ್ಟ ನೀರು ಕುಡಿಯದೆ ಬೈಕು ಹತ್ತಿ ಹೋದ.

ಗದ್ದಲ ನೋಡಲು ಬಂದವರಲ್ಲಿ ಅಬ್ಬಾರ ಜೊತೆ ಸಾ ಮಿಲ್ಲಿನಲ್ಲಿದ್ದ ಒಬ್ಬ ಚಾಚಾ ಇದ್ದರು. ಅವರ ಕಿವಿಯೂ ಹೋಗಿತ್ತು. ಅವರು ದೂರದಿಂದಲೇ ಎರಡು ಬೆರಳು ಎತ್ತಿ ತಿರುಗಿಸಿದರು. ಗರಗಸದ ಸದ್ದಿನಲ್ಲಿ ಮಾತು ನಡೆಯುವುದಿಲ್ಲವಾದ್ದರಿಂದ ಮಿಲ್ಲಿನವರು ತಮ್ಮದೇ ಕೈಸನ್ನೆ ಕಟ್ಟಿಕೊಂಡಿದ್ದರು. ಇದು 'ಏನು ಕೆಟ್ಟಿದೆ?' ಎಂಬುದಕ್ಕೆ ಸನ್ನೆ. ಅಬ್ಬಾ ಕೈಯಲ್ಲೇ ಉತ್ತರ ಕೊಟ್ಟರು. ಒಂದು ಕಡೆ ದಪ್ಪ ಹೊಟ್ಟೆ, ಒಂದು ಕಡೆ ಉದ್ದ ಬಾಲ, ನಡುವೆ ಏಣಿ. ಚಾಚಾ ಹುಬ್ಬೇರಿಸಿದರು. ಮರುದಿನ ಮಧ್ಯಾಹ್ನದ ಊಟ ಮುಗಿಸಿ ನಮ್ಮ ಮನೆಯ ಪರದೆ ಸರಿಸಿ ಒಳಗೆ ಬಂದು ಅಬ್ಬಾರ ಪಕ್ಕ ಕುಳಿತರು.

ಚಾಚಾ ಇನ್ನೊಬ್ಬರನ್ನು ಕರೆತಂದರು. ಅವರು ಇಬ್ಬರನ್ನು. ಎಲ್ಲರೂ ಗರಗಸದವರೇ, ಹಿಂದೂ ಮುಸಲ್ಮಾನ ಎಲ್ಲರೂ, ಎಲ್ಲರ ಮನೆಯಲ್ಲೂ ಯಾರೋ ಒಬ್ಬರು "ಅವರಿಗೆ ಕೇಳಸೂದಿಲ್ಲ ಬಿಡ್ರಿ" ಎಂದು ಅವರ ತಲೆಯ ಮೇಲಿಂದ ಮಾತನಾಡುವವರಿದ್ದರು. ಟಿ.ವಿ.ಯ ದನಿಯನ್ನು ನಾನು ಪೂರ್ತಿ ತೆಗೆದುಬಿಟ್ಟೆ, ಯಾರಿಗೂ ಬೇಕಿರಲಿಲ್ಲ. ಅಂಗಡಿಯಲ್ಲಿ ನಿಂತ ಗಿರಾಕಿಗಳಿಗೆ ಪರದೆಯ ಹಿಂದೆ ಬರೀ ನಿಶ್ಶಬ್ದ, ಆಮೇಲೆ ಇದ್ದಕ್ಕಿದ್ದಂತೆ ಗಂಡಸರು ಒಟ್ಟಿಗೆ ಸಿಡಿದು ನಗುವ ಸದ್ದು, ಮತ್ತೆ ನಿಶ್ಶಬ್ದ. ಜೆರಾಕ್ಸಿಗೆ ಬಂದ ಒಬ್ಬ ಹೆಣ್ಣುಮಗಳು ಹೆದರಿ ಕಾಗದ ಬಿಟ್ಟು ಹೋಗಿದ್ದಳು.

ಚಹಾದಂಗಡಿಯವನು ಇದಕ್ಕೆ 'ಕಿವುಡರ ಟಾಕೀಸು' ಎಂದು ಹೆಸರಿಟ್ಟ. ಆಟೋ ಸ್ಟ್ಯಾಂಡಿನವರೆಗೂ ಅದು ಹಬ್ಬಿತು. ನನ್ನ ಮೈ ಉರಿಯಿತು. ಆದರೆ ಆ ಉರಿಯಲ್ಲಿ ಒಂದು ಯೋಚನೆ ಹೊಳೆಯಿತು. ಕಂಪ್ಯೂಟರಿನಲ್ಲಿ ದೊಡ್ಡ ಅಕ್ಷರಗಳಲ್ಲಿ 'ಕಿವುಡರ ಟಾಕೀಸು' ಎಂದು ಟೈಪು ಮಾಡಿ, ಕೆಳಗೆ 'ಮಧ್ಯಾಹ್ನ ಊಟದ ಮೇಲೆ. ಕಿವಿ ಇದ್ದವರೂ ಬರಬಹುದು' ಎಂದು ಸೇರಿಸಿ, ಬಣ್ಣದಲ್ಲಿ ಪ್ರಿಂಟು ತೆಗೆದು, ಲ್ಯಾಮಿನೇಷನ್ ಮಾಡಿ ಅಂಗಡಿಯ ಬಾಗಿಲಿಗೆ ಅಂಟಿಸಿದೆ. ಚಹಾದಂಗಡಿಯವನು ಬಂದು ಓದಿ, ತಲೆ ಕೆರೆದುಕೊಂಡು ಹೋದ. ನಾವೇ ಬರೆದು ಹಚ್ಚಿದ ಮೇಲೆ ಅವನಿಗೆ ಕೂಗಲು ರುಚಿ ಉಳಿಯಲಿಲ್ಲ.

ಒಂದು ಮಳೆಯ ಮಧ್ಯಾಹ್ನ, ಮುಂಗುಸಿ ಕೋಟೆಯ ಒಳಗೆ ಕಾಲಿಟ್ಟು ಗಂಟೆಯ ಹಗ್ಗಕ್ಕೆ ಕೈ ಹಾಕಿದ್ದಾಗ ಕರೆಂಟು ಹೋಯಿತು. ಎಲ್ಲರೂ ಕತ್ತಲು ತೆರೆಯನ್ನೇ ನೋಡುತ್ತ ಕುಳಿತರು. ಆಮೇಲೆ ಚಾಚಾ ಎದ್ದು, ಟವೆಲನ್ನು ಬಾಲದ ಹಾಗೆ ಸಿಕ್ಕಿಸಿಕೊಂಡು, ಮುಂದೇನಾಗುತ್ತದೆಂದು ಕೈಸನ್ನೆಯಲ್ಲಿ ಹೇಳತೊಡಗಿದರು: ಹಗ್ಗ ತುಂಡಾಗುತ್ತದೆ, ಗಂಟೆ ಮುಂಗುಸಿಯ ಮೇಲೆ ಬೀಳುತ್ತದೆ. ಅಬ್ಬಾ ಒಪ್ಪಲಿಲ್ಲ. ಎದ್ದು ಕರಡಿಯಾಗಿ ಗಂಟೆಯನ್ನು ಎರಡೂ ಕೈಯಲ್ಲಿ ಹಿಡಿದರು. ಇನ್ನೊಬ್ಬರು ಅದು ಸಾಧ್ಯವಿಲ್ಲ, ಗಂಟೆ ಭಾರ ಎಂದು ತೋರಿಸಿದರು. ನಾನು ಬಾಗಿಲಿಗೆ ಒರಗಿ ನೋಡುತ್ತಿದ್ದೆ. ಕೈಗಳು ಮಂದ ಬೆಳಕಿನಲ್ಲಿ ಜಗಳವಾಡುತ್ತಿದ್ದವು, ಹೊರಗೆ ಮಳೆ ಸುರಿಯುತ್ತಿತ್ತು, ಒಳಗೆ ಒಂದು ಮಾತಿಲ್ಲ. ಕರೆಂಟು ಬಂದ ಮೇಲೆ ನೋಡಿದರೆ ಮೂವರೂ ತಪ್ಪು. ಕರಡಿಯೇ ಗಂಟೆಯೊಳಗೆ ಸಿಕ್ಕಿಹಾಕಿಕೊಂಡಿತ್ತು.

ಕಳೆದ ಕಬ್ಬಿನ ಹಂಗಾಮಿನಲ್ಲಿ ಅಣ್ಣನ ಮಗಳ ನಿಶ್ಚಿತಾರ್ಥ ಗೊತ್ತಾಯಿತು. ಗಂಡಿನವರು ಧಾರವಾಡದ ಕಡೆಯವರು. ಅಣ್ಣ ಖುದ್ದಾಗಿ ಬಂದು ಕರೆದ. ಅಬ್ಬಾರ ಕೈ ಹಿಡಿದು ಮುತ್ತಿಟ್ಟ. ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಆ ಒಂದು ವಿಷಯ ಅಲ್ಲಿ ತಗೀಬ್ಯಾಡ್ರಿ. ಇಷ್ಟ ಕೇಳ್ತೇನಿ" ಎಂದ. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಹಳಿಯಾಳದ ಮನೆಯ ಹಜಾರದಲ್ಲಿ ಗಂಡಿನ ಕಡೆಯ ಹಿರಿಯರನ್ನು ಗೋಡೆಯುದ್ದಕ್ಕೂ ಕೂರಿಸಿದ್ದರು. ಗಂಡಿನ ಅಜ್ಜ, ಮನೆಯವರೆಲ್ಲ ದಾದಾ ಅನ್ನುವವರು, ಅಬ್ಬಾರ ಪಕ್ಕದಲ್ಲಿ ಕುಳಿತಿದ್ದರು, ಬಿಳಿ ಗಡ್ಡ, ಕೈಯಲ್ಲಿ ಬೆಳ್ಳಿ ಹಿಡಿಯ ಕೋಲು. ಅಬ್ಬಾಗೆ ಕೇಳಿಸುವುದಿಲ್ಲವೆಂದು ತಿಳಿದು ಅವರು ನನ್ನ ಕಡೆ ತಿರುಗಿದರು.

"ಕೆಲಸ ಬಿಟ್ಟ ಮ್ಯಾಲ ಹೊತ್ತು ಹೆಂಗ ಕಳೀತಾರ ನಿಮ್ಮ ಅಬ್ಬಾ? ಸ್ವಲ್ಪ ಕೇಳಿ ಹೇಳಮ್ಮಾ."

ಎದುರು ಮೂಲೆಯಿಂದ ಅಣ್ಣ ನನ್ನನ್ನೇ ನೋಡುತ್ತಿದ್ದ. ತಸ್ಬಿಯ ಜಪಮಣಿ ಎಣಿಸುವ ಹಾಗೆ ಹೆಬ್ಬೆರಳು ಆಡಿಸಿ ತೋರಿಸಿದ. ನನಗೆ ಸುಲಭವಿತ್ತು. ಅಬ್ಬಾರನ್ನು ಬೇರೇನೋ ಕೇಳಿ, ಅವರು ತಲೆಯಾಡಿಸಿದ್ದನ್ನು 'ನಮಾಜಿನಲ್ಲಿ, ತಸ್ಬಿಯಲ್ಲಿ' ಎಂದು ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಬ್ಬಾರಿಗೂ ತಿಳಿಯುತ್ತಿರಲಿಲ್ಲ. ಅದೇ ನನ್ನನ್ನು ತಡೆಯಿತು. ಅವರ ಕಿವಿ ಹೋಗಿವೆಯೆಂದು ಅವರ ಬಾಯನ್ನೂ ನಾನೇ ಕಸಿದುಕೊಳ್ಳಬೇಕೇ?

ಅಬ್ಬಾರ ಎದುರಿಗೆ ಕುಳಿತು, ತುಟಿ ಬಿಡಿಸಿ, ಕೈಯಲ್ಲೂ ತೋರಿಸಿ, ಕೇಳಿದ್ದನ್ನು ಕೇಳಿದ ಹಾಗೆಯೇ ಕೇಳಿದೆ.

ಅಬ್ಬಾರ ಮುಖ ಅರಳಿತು. "ಕಾರ್ಟೂನ್ ನೋಡ್ತೇನ್ರಿ!" ಎಂದರು. ಅಡುಗೆಮನೆಯ ಹೆಂಗಸರಿಗೂ ಕೇಳಿಸಿತು. "ಒಂದು ಕರಡಿ ಐತ್ರಿ, ಕೋಟಿ ಕಾಯ್ತೈತಿ. ಮಾತ ಆಡೂದಿಲ್ಲ. ಒಂದು ಮುಂಗಸಿ ಐತಿ..." ಬೀಗರಾಗುವವರ ಮುಂದೆ ಅವರು ಏಣಿಯ ಕಥೆ ಹೇಳಿದರು, ಎಡಕ್ಕೆ ಬಲಕ್ಕೆ ವಾಲುತ್ತ. ಒಂದು ಹುಡುಗಿ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅಣ್ಣ ಫ್ಯಾನಿನ ಕಡೆ ನೋಡುತ್ತಿದ್ದ.

"ಕಾರ್ಟೂನ್ ಅಂದ್ರ," ಎಂದರು ದಾದಾ ನಿಧಾನವಾಗಿ, "ಸಣ್ಣ ಹುಡುಗ್ರು ನೋಡ್ತಾರಲ್ಲ, ಅದು?"

"ಹೌದ್ರಿ, ಅದ," ಎಂದೆ. "ನಾನೂ ನೋಡ್ತೇನಿ. ನಮ್ಮ ಮನ್ಯಾಗ ಪೂರಾ ಸೀರೀಸ್ ಐತಿ."

"ಹಂಗೇನ್," ಎಂದರು ಅವರು. ಅಬ್ಬಾರ ತಟ್ಟೆಗೆ ಒಂದು ಖರ್ಜೂರ ಹಾಕಿದರು. ಯಾರೂ ಎದ್ದು ಹೋಗಲಿಲ್ಲ, ಯಾವ ಸಂಬಂಧವೂ ಮುರಿಯಲಿಲ್ಲ. ಉಂಗುರ ಹಾಕಿದರು, ಬಿರಿಯಾನಿ ಬಡಿಸಿದರು. ಧಾರವಾಡದಲ್ಲಿ ಈ ಮಾತನ್ನು ಹೇಳಿ ನಕ್ಕಿರಬಹುದು. ನಗಲಿ.

ಅಣ್ಣ ನಮ್ಮನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಬಂದ. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬಿ ನಿಂತಿದ್ದವು. ಬಸ್ಸಿನ ಬಾಗಿಲಲ್ಲಿ ಕೇಳಿದ.

"ನಮಾಜ್ ಅಂತ ಒಂದು ಮಾತ ಹೇಳಿದ್ರ ನಿನ್ನ ಗಂಟೇನ್ ಹೋಗ್ತಿತ್ತು?"

"ನಮಾಜೂ ಮಾಡ್ತಾರ ಭಾಯಿ. ಆದ್ರ ಅಬ್ಬಾನ್ನ ಕೇಳಿದ್ದಕ್ಕ ಅಬ್ಬಾ ಹೇಳಬೇಕು. ನಾ ಅಲ್ಲ, ನೀನೂ ಅಲ್ಲ."

ಅವನು ಅಬ್ಬಾರ ಚೀಲವನ್ನು ಒಳಗೆ ತಂದು, ಸೀಟಿನ ಕೆಳಗೆ ಜೋಪಾನವಾಗಿ ಸರಿಸಿಟ್ಟು ಇಳಿದ.

ಬಸ್ಸು ಊರು ದಾಟಿತು. ಅಬ್ಬಾರ ಪಕ್ಕದ ಸೀಟಿನಲ್ಲಿ ಗೊಬ್ಬರದ ಚೀಲ ತಬ್ಬಿಕೊಂಡ ಒಬ್ಬ ರೈತ ಕುಳಿತಿದ್ದ. ಅವನು ಎಲ್ಲಿಗೆ ಎಂದು ಕೇಳಿದನೋ, ಏನು ಕೇಳಿದನೋ, ಅಬ್ಬಾ ಅವನ ಕಡೆ ತಿರುಗಿ ಕುಳಿತರು. "ಒಂದು ಕರಡಿ ಐತಿ," ಎಂದು ಶುರುಮಾಡಿದರು. ಮುಂದಿನ ಸೀಟಿನವರು ತಿರುಗಿ ನೋಡಿದರು. ಹಿಂದಿನವರು ಬಗ್ಗಿದರು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿದ. ದನಿ ತಗ್ಗಿಸಿ ಎಂದು ಸನ್ನೆ ಮಾಡಬಹುದಿತ್ತು, ನಾನು ಅವರಿಗೆ ಕಾಣುವಂತೆಯೇ ಕುಳಿತಿದ್ದೆ. ಮಾಡಲಿಲ್ಲ.